ಮೂರು ತಿಂಗಳ ನೆಲ

ಇಲ್ಲಿ ಏನಾದ್ರೂ ಬರೆದು ತಿಂಗಳುಗಳೇ ಆದವು. ರಿಲೀಸು, ಡೆಡ್‌ಲೈನು, ಅದರ ಮೇಲೆ ನನ್ನ ಹುಟ್ಟುಗುಣದ ಸೋಮಾರಿತನ ಅಂತ ನೆಪಗಳು ಇದ್ದೇ ಇವೆ, ಬಿಡಿ. ಈ ಸಲ ನನ್ನನ್ನ ಹಿಡಿದು ಕೂರಿಸಿ ಬರೆಸ್ತಿರೋದು ನಮ್ಮ ಮನೆ ಓನರ್ರು.

ಹೋದ ಭಾನುವಾರ ಬೆಳಿಗ್ಗೆ ಅವರು ಟೆರೇಸಿಗೆ ಬಂದರು. ನನ್ನ 19 ಕುಂಡಗಳನ್ನ (ಅದರಲ್ಲಿ ನಾಲ್ಕು ಹಳೇ ಪೇಂಟ್ ಬಕೆಟ್ಟುಗಳು, ಒಂದು ಒಡೆದ ಸಿಂಕು) ಒಂದೊಂದಾಗಿ ನೋಡಿದರು. ಟೊಮೇಟೊ, ಬದನೆ, ಹಸಿಮೆಣಸು, ಮೆಂತ್ಯ, ದಂಟು, ಗೋಡೆಗೆ ಹಬ್ಬಿದ ಬಸಳೆ. "ಚೆನ್ನಾಗಿ ಬೆಳೆಸಿದ್ದೀರಿ ಕಣ್ರೀ" ಅಂದರು. ನಾನು ಉಬ್ಬಿಹೋದೆ. ಒಂದು ನಿಮಿಷ ಬಿಟ್ಟು, "ತಿಂಗಳ ಕೊನೆಯೊಳಗೆ ಖಾಲಿ ಮಾಡಿಬಿಡಿ. ಮನೆ ಅಲ್ಲ, ಕುಂಡಗಳನ್ನ. ಕೆಳಗಿನ ಮನೆ ಸೀಲಿಂಗಲ್ಲಿ ತೇವ ಬರ್ತಿದೆ" ಅಂದರು. ಅವರ ತಪ್ಪೇನೂ ಇಲ್ಲ. ತಾರಸಿ ಅವರದ್ದು, ಕುಂಡ ನನ್ನದು. ಕುಂಡದ ಒಳಗಿನ ಮಣ್ಣು? ಅದನ್ನೂ ಚೀಲಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ನಾನೇ ತಂದಿದ್ದು, ಹಾಗಾಗಿ ಅದೂ ನನ್ನದೇ. ಆದ್ರೆ ಆ ಮಣ್ಣನ್ನ ಇಡೋಕೆ ಈ ಊರಲ್ಲಿ ನನ್ನ ಹೆಸರಿನ ಒಂದು ಅಡಿ ಜಾಗ ಇಲ್ಲ.

ಸಂಜೆ ಊರಿಗೆ ಫೋನ್ ಮಾಡಿ ಅಜ್ಜಿ ಹತ್ರ ಗೋಳು ಹೇಳಿಕೊಂಡೆ. ಅಜ್ಜಿ ನಕ್ಕುಬಿಟ್ಟಳು. "ಮೂರು ತಿಂಗಳದ್ದು ತಾನೆ ಹಾಕಿದ್ದು? ಹಂಗಾರೆ ಏನೂ ನಷ್ಟ ಇಲ್ಲ ಬಿಡು. ಮರ ಹಾಕಿದ್ರೆ ಅಳಬೇಕಿತ್ತು" ಅಂದಳು.

ನಮ್ಮ ಊರು ಸಾಗರದ ಹತ್ತಿರ. ಅಜ್ಜಿ ಮದುವೆಯಾಗಿ ಬಂದಾಗ ಮನೆಯವರು ಗೇಣಿದಾರರು. ಗದ್ದೆ ಒಡೆಯರದ್ದು, ಮನೆ ಕೂತ ಜಾಗವೂ ಒಡೆಯರದ್ದೇ. ಹಿತ್ತಲಲ್ಲಿ ಬಚ್ಚಲ ನೀರು ಹೋಗೋ ಕಡೆ ಬಸಳೆ ಚಪ್ಪರ, ಪಕ್ಕದಲ್ಲಿ ಬೆಂಡೆ, ಸೌತೆ, ಹೀರೆ, ಹರಿವೆ. ಆದ್ರೆ ಒಂದೇ ಒಂದು ಮರ ಇರಲಿಲ್ಲವಂತೆ. ಅಜ್ಜಿಯ ಅತ್ತೆ ನೆಡೋಕೆ ಬಿಡ್ತಿರಲಿಲ್ಲ. ತೆಂಗು ಫಲ ಕೊಡೋ ಹೊತ್ತಿಗೆ ನಾವು ಇಲ್ಲೇ ಇರ್ತೀವಿ ಅನ್ನೋ ಗ್ಯಾರಂಟಿ ಏನು? ಬೆಳೆಸೋರು ನಾವು, ತಿನ್ನೋರು ಇನ್ಯಾರೋ. ಹಾಗಾಗಿ ಮೂರು ತಿಂಗಳಲ್ಲಿ ಕೈಗೆ ಬರೋದನ್ನ ಮಾತ್ರ ಹಾಕೋದು. ಇದು ಮನೆಯ ಕಾನೂನು.

ನಾನು ಹುಟ್ಟಿದಾಗಿಂದ ನೋಡಿದ ಹಿತ್ತಲು ಅದು. ಅಲ್ಲಿ ಈಗ ದೊಡ್ಡ ಹಲಸಿನ ಮರ ಇದೆ. ಅದರ ವಯಸ್ಸು ಎಷ್ಟು, ಯಾಕೆ ಅಷ್ಟೇ ಅಂತ ಒಂದು ದಿನವೂ ಕೇಳಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಿತ್ತಲ ಇತಿಹಾಸವೂ ಹಾಗೇ ಇರಬೇಕು.

ಫೋನ್ ಇಟ್ಟ ಮೇಲೆ ಅಜ್ಜಿಯ ಮಾತು ತಲೆಯಲ್ಲಿ ಕೂತುಬಿಟ್ಟಿತು. ತರಕಾರಿ ಅನ್ನೋದು ನೆಲ ಇಲ್ಲದವರ ಬೆಳೆಯಾ? ಇಂಜಿನಿಯರಿಂಗ್ ಓದಿದವನಿಗೆ ಇತಿಹಾಸದ ಹುಚ್ಚು ಹಿಡಿದ್ರೆ ಏನಾಗುತ್ತೆ ಗೊತ್ತಲ್ಲ, ಒಂದು ವಾರ ರಾತ್ರಿ ಎರಡು ಗಂಟೆ ತನಕ ಅದನ್ನೇ ಓದಿದೆ. ಸಿಕ್ಕಿದ್ದನ್ನ ಇಲ್ಲಿ ಹಾಕ್ತಿದೀನಿ. ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

*

ಮೊದಲ ಕಥೆ ಇಂಗ್ಲೆಂಡಿನದ್ದು, 1649ರದ್ದು.

ಆ ವರ್ಷ ಜನವರಿ 30ರಂದು ಇಂಗ್ಲೆಂಡಿನವರು ತಮ್ಮ ರಾಜ ಒಂದನೇ ಚಾರ್ಲ್ಸ್‌ನ ತಲೆ ಕಡಿದಿದ್ದರು. ವರ್ಷಗಟ್ಟಲೆ ನಡೆದ ಅಂತರ್ಯುದ್ಧ, ಮೇಲಿಂದ ಕೆಟ್ಟ ಫಸಲು, ಧಾನ್ಯದ ಬೆಲೆ ಆಕಾಶದಲ್ಲಿ. ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರ ಮಾಡಿ ದಿವಾಳಿಯಾಗಿ, ಸರ್ರೆ ಅನ್ನೋ ಕಡೆ ಹಳ್ಳಿಯಲ್ಲಿ ದನ ಕಾಯ್ತಿದ್ದ ಜೆರಾರ್ಡ್ ವಿನ್‌ಸ್ಟಾನ್ಲಿ ಅನ್ನೋನಿಗೆ ಒಂದು ಯೋಚನೆ ಬಂತು. ರಾಜನೇ ಹೋದ ಮೇಲೆ ರಾಜನಿಂದ ಜಮೀನ್ದಾರರಿಗೆ ಬಂದ ಹಕ್ಕು ಯಾಕೆ ಉಳಿಬೇಕು? ಪಾಳು ಬಿದ್ದ ಸಾರ್ವಜನಿಕ ನೆಲವನ್ನ ಬಡವರು ಉಳುಮೆ ಮಾಡಿ ಯಾಕೆ ತಿನ್ನಬಾರದು?

ಇಂಗ್ಲೆಂಡಿನಲ್ಲಿ ಆಗ 'ಕಾಮನ್ಸ್' ಅಂತ ಇರ್ತಿತ್ತು. ನಮ್ಮ ಗೋಮಾಳ ಇದ್ದ ಹಾಗೆ ಅನ್ಕೊಳ್ಳಿ. ಕಾಗದದ ಮೇಲೆ ಜಮೀನ್ದಾರನದ್ದೇ ಇದ್ರೂ ಊರವರು ದನ ಮೇಯಿಸಬಹುದು, ಸೌದೆ ತರಬಹುದು, ಆದ್ರೆ ಅಗೆದು ಬಿತ್ತೋ ಹಾಗಿಲ್ಲ. 1649ರ ಏಪ್ರಿಲ್ 1ರಂದು ವಿನ್‌ಸ್ಟಾನ್ಲಿ ಮತ್ತು ವಿಲಿಯಂ ಎವೆರಾರ್ಡ್ ಅನ್ನೋ ಇನ್ನೊಬ್ಬ ಬೆರಳೆಣಿಕೆಯ ಜನರನ್ನ ಕಟ್ಟಿಕೊಂಡು ಸೇಂಟ್ ಜಾರ್ಜ್ಸ್ ಹಿಲ್ ಅನ್ನೋ ಗುಡ್ಡ ಹತ್ತಿ ಅಗೆಯೋಕೆ ಶುರು ಮಾಡಿದರು. ಹಾಕಿದ್ದು ಏನು? ಕ್ಯಾರೆಟ್, ಬೀನ್ಸ್, ಮತ್ತೆ ಪಾರ್ಸ್‌ನಿಪ್ (ಬಿಳಿ ಕ್ಯಾರೆಟ್ಟಿನ ತರ ಇರೋ ಒಂದು ಗಡ್ಡೆ). ಪೂರ್ತಿ ಅಡುಗೆಮನೆ ಸಾಮಾನು! ಕ್ರಾಂತಿ ಅಂದ್ರೆ ಕತ್ತಿ, ಕೋವಿ ಅಂತ ನಾವು ಓದಿಕೊಂಡು ಬಂದಿದ್ದೀವಿ. ಇವರದ್ದು ಗುದ್ದಲಿ ಮತ್ತು ಕ್ಯಾರೆಟ್ ಬೀಜ. ಜನ ಇವರನ್ನ 'ಡಿಗ್ಗರ್ಸ್', ಅಂದ್ರೆ ಅಗೆಯೋರು ಅಂತ ಕರೆದರು.

ಸೈನ್ಯಕ್ಕೆ ದೂರು ಹೋಯಿತು. ಏಪ್ರಿಲ್ 20ರಂದು ಇಬ್ಬರನ್ನೂ ಲಂಡನ್ನಿಗೆ ಕರೆಸಿ ಸೇನಾಪತಿ ಫೇರ್‌ಫ್ಯಾಕ್ಸ್ ವಿಚಾರಿಸಿದ. ಇವರು ಟೋಪಿಯನ್ನೂ ತೆಗೆಯಲಿಲ್ಲ, ನೀನೂ ನಮ್ಮ ಹಾಗೆ ಒಬ್ಬ ಮನುಷ್ಯ ಅಷ್ಟೇ ಅನ್ನೋ ಭಾವನೆ ಅವರದ್ದು. ಸೇನಾಪತಿಗೆ ಇವರಿಂದ ಅಪಾಯ ಏನೂ ಕಾಣಲಿಲ್ಲ. ಆದ್ರೆ ಊರಿನ ಜಮೀನ್ದಾರರಿಗೆ ಕಂಡಿತು. ಸರಿಯಾಗೇ ಕಂಡಿತು ಅನ್ನಬೇಕು. ಇವತ್ತು ಕ್ಯಾರೆಟ್ ಹಾಕಿದವನು ನಾಳೆ ಇದು ನನ್ನ ನೆಲ ಅಂತಾನೆ. ಗುಂಪು ಕಟ್ಟಿಕೊಂಡು ಬಂದು ಬೆಳೆ ತುಳಿದರು, ಸಲಕರಣೆ ಮುರಿದರು, ಗುಡಿಸಲು ಕೆಡವಿದರು. ಆಗಸ್ಟ್ ಹೊತ್ತಿಗೆ ಡಿಗ್ಗರ್ಸ್ ಗುಡ್ಡ ಬಿಟ್ಟು ಪಕ್ಕದ ಕಾಬಮ್‌ಗೆ ಹೋದರು. 1650ರ ಏಪ್ರಿಲ್‌ನಲ್ಲಿ ಅಲ್ಲಿಂದಲೂ ಓಡಿಸಿದರು. ಎಲ್ಲ ಸೇರಿ ಒಂದೇ ವರ್ಷ. ಅಜ್ಜಿಯ ಲೆಕ್ಕದಲ್ಲಿ ನಾಲ್ಕು ಬೆಳೆ.

ಆ ಸೇಂಟ್ ಜಾರ್ಜ್ಸ್ ಹಿಲ್ ಇವತ್ತು ಏನಾಗಿದೆ ಗೊತ್ತಾ? ಗೇಟು ಹಾಕಿದ ಖಾಸಗಿ ಬಡಾವಣೆ. ಒಳಗೆ ಗಾಲ್ಫ್ ಮೈದಾನ, ಟೆನ್ನಿಸ್ ಕ್ಲಬ್ಬು, ಕೋಟ್ಯಧೀಶರ ಬಂಗಲೆಗಳು. ಬೀಟಲ್ಸ್‌ನ ಜಾನ್ ಲೆನನ್ 1964ರಲ್ಲಿ ಮನೆ ತಗೊಂಡಿದ್ದೂ ಅಲ್ಲೇ. 1999ರಲ್ಲಿ, ಡಿಗ್ಗರ್ಸ್ ಗುಡ್ಡ ಹತ್ತಿ 350 ವರ್ಷ ಆಯ್ತು ಅಂತ ಒಂದಿಷ್ಟು ಜನ ಹೋಗಿ ಅಲ್ಲಿ ಮತ್ತೆ ಬೀಡುಬಿಟ್ಟರು. ಅವರನ್ನೂ ಕೋರ್ಟು ಎಬ್ಬಿಸಿತು.

*

ಡಿಗ್ಗರ್ಸ್ ಹೋದ ಮೇಲೆ ಕಾಮನ್ಸ್ ಕೂಡ ಒಂದೊಂದಾಗಿ ಹೋಯಿತು. 1604ರಿಂದ 1914ರ ತನಕ ಇಂಗ್ಲೆಂಡಿನ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆ ಮಾಡಿ ಸುಮಾರು 68 ಲಕ್ಷ ಎಕರೆಗೆ ಬೇಲಿ ಹಾಕಿಸಿತು. ಬೇಲಿ ಅಂದ್ರೆ ಒಳಗಿದ್ದವನಿಗೆ ಪೂರ್ತಿ ಒಡೆತನ, ಹೊರಗಿದ್ದವನಿಗೆ ಫ್ಯಾಕ್ಟರಿ ಕೂಲಿ. ದನ ಮೇಯಿಸೋಕೂ ಜಾಗ ಇಲ್ಲದ ಜನ ಊರು ಬಿಟ್ಟು ಪಟ್ಟಣ ಸೇರಿದರು.

ಜನ ಗಲಾಟೆ ಮಾಡದ ಹಾಗೆ ನೋಡಿಕೊಳ್ಳೋಕೆ, ಇನ್ನು ಕೆಲವರು ನಿಜವಾದ ಕನಿಕರದಿಂದ, ಬಡವರಿಗೆ ಒಂದು ತುಂಡು ನೆಲವನ್ನ ಬಾಡಿಗೆಗೆ ಕೊಡೋ ಪದ್ಧತಿ ಶುರು ಮಾಡಿದರು. ಇದಕ್ಕೆ 'ಅಲಾಟ್‌ಮೆಂಟ್' ಅಂತ ಹೆಸರು. 1908ರ ಕಾಯ್ದೆಯಲ್ಲಿ ಇದು ಗಟ್ಟಿಯಾಯಿತು. ಊರಿನ ಆರು ಜನ ಸೇರಿ ಕೇಳಿದ್ರೆ ಸ್ಥಳೀಯ ಆಡಳಿತ ಅದನ್ನ ಪರಿಗಣಿಸಲೇಬೇಕು, ಬೇಡಿಕೆ ಇದ್ರೆ ಜಾಗ ಒದಗಿಸಬೇಕು. ಒಂದು ತುಂಡಿನ ರೂಢಿಯ ಅಳತೆ 10 ರಾಡ್, ಅಂದ್ರೆ ಸುಮಾರು 250 ಚದರ ಮೀಟರ್. ಬೆಂಗಳೂರಿನ ಭಾಷೆಯಲ್ಲಿ ಹೇಳೋದಾದ್ರೆ ಒಂದು ಫಾರ್ಟಿ ಸಿಕ್ಸ್ಟಿ ಸೈಟಿಗಿಂತ ಸ್ವಲ್ಪ ದೊಡ್ಡದು! ನಾವು ಅದರ ಮೇಲೆ ಮೂರು ಅಂತಸ್ತು ಕಟ್ಟಿ ಆರು ಬಾಡಿಗೆ ಮನೆ ಮಾಡ್ತೀವಿ. ಅವರು ಆಲೂಗಡ್ಡೆ ಹಾಕಿದರು.

ಕೂಲಿ ಕಾರ್ಮಿಕನಿಗೆ ಸಿಕ್ಕ ಈ ತುಂಡು ನೆಲ ಎಷ್ಟು ಬೆಲೆಯದ್ದು ಅಂತ ಸರ್ಕಾರಕ್ಕೆ ಗೊತ್ತಾಗಿದ್ದು ಯುದ್ಧ ಬಂದಾಗ. ಬ್ರಿಟನ್ ತಿನ್ನೋ ಅನ್ನದ ದೊಡ್ಡ ಪಾಲು ಹಡಗಿನಲ್ಲಿ ಬರ್ತಿತ್ತು. ಜರ್ಮನಿಯ ಸಬ್‌ಮರೀನುಗಳು ಹಡಗು ಮುಳುಗಿಸೋಕೆ ಶುರು ಮಾಡಿದ ಕೂಡಲೇ ಕ್ಯಾರೆಟ್ಟು ರಾಷ್ಟ್ರೀಯ ವಿಷಯ ಆಯಿತು. ಮೊದಲ ಮಹಾಯುದ್ಧದ ಕೊನೆಗೆ ಅಲಾಟ್‌ಮೆಂಟುಗಳ ಸಂಖ್ಯೆ ಸುಮಾರು 15 ಲಕ್ಷ ಮುಟ್ಟಿತು. ಯುದ್ಧ ಮುಗೀತು, ಖಾಲಿ ಜಾಗದ ಒಡೆಯರು ವಾಪಸ್ ಬಂದರು, ಸಂಖ್ಯೆ ಇಳೀತು.

ಎರಡನೇ ಮಹಾಯುದ್ಧದಲ್ಲಿ ಮತ್ತೆ ಅದೇ ಕಥೆ. 1939ರ ಅಕ್ಟೋಬರಿನಲ್ಲಿ ಶುರುವಾದ 'ಡಿಗ್ ಫಾರ್ ವಿಕ್ಟರಿ', ಗೆಲುವಿಗಾಗಿ ಅಗೆಯಿರಿ ಅನ್ನೋ ಪ್ರಚಾರ. ಇನ್ನೂರ ತೊಂಬತ್ತು ವರ್ಷದ ಹಿಂದೆ ಅಗೆದಿದ್ದಕ್ಕೆ ಹೊಡೆದು ಓಡಿಸಿದ ದೇಶ, ಈಗ ದಯವಿಟ್ಟು ಅಗೆಯಿರಿ ಅಂತ ಪೋಸ್ಟರ್ ಹಚ್ಚಿತು :) ಲಂಡನ್ ಗೋಪುರದ ಕಂದಕದಲ್ಲಿ ತರಕಾರಿ ಬೆಳೆದರು. ಪಾರ್ಕು, ಆಟದ ಮೈದಾನ, ರೈಲು ಹಳಿ ಪಕ್ಕ, ಬಾಂಬ್ ಬಿದ್ದು ಮನೆ ಹೋದ ಜಾಗ, ಎಲ್ಲ ಕಡೆ ಕೋಸು. ಹಿತ್ತಲಲ್ಲಿ ತಗಡಿನ ಆಂಡರ್ಸನ್ ಶೆಲ್ಟರ್ ಹುಗಿದು, ಬಾಂಬಿನ ರಕ್ಷಣೆಗೆ ಅಂತ ಮೇಲೆ ಹಾಕಿದ ಮಣ್ಣಿನಲ್ಲೂ ಸೊಪ್ಪು, ಗಡ್ಡೆ. ಕೆಳಗೆ ಮಕ್ಕಳನ್ನ ತಬ್ಬಿಕೊಂಡು ಕೂತಿರೋ ತಾಯಿ, ತಲೆ ಮೇಲೆ ಕುಂಬಳದ ಬಳ್ಳಿ... ಯೋಚನೆ ಮಾಡಿ. ಭಾನುವಾರ ಮಧ್ಯಾಹ್ನ ಬಿಬಿಸಿ ರೇಡಿಯೋದಲ್ಲಿ ಮಿಡಲ್ಟನ್ ಅನ್ನೋರು ಯಾವಾಗ ಏನು ಬಿತ್ತಬೇಕು ಅಂತ ಹೇಳ್ತಿದ್ದರು, ಲಕ್ಷಾಂತರ ಜನ ಕೇಳ್ತಿದ್ದರು. ಅಲಾಟ್‌ಮೆಂಟುಗಳು ಮತ್ತೆ ಸುಮಾರು 14 ಲಕ್ಷ ಆದವು. ರೇಷನ್ನು ಪೂರ್ತಿ ಮುಗಿದಿದ್ದು 1954ರ ಜುಲೈನಲ್ಲಿ. ಯುದ್ಧದ ವರ್ಷಗಳಲ್ಲಿ ಇದ್ದ ಒಂದು ಸಮಾಧಾನ ಅಂದ್ರೆ ತರಕಾರಿಗೆ ರೇಷನ್ ಇರಲಿಲ್ಲ.

*

ಅಮೆರಿಕದಲ್ಲಿ ಇದನ್ನ ಮೊದಲು ಕಂಡುಕೊಂಡಿದ್ದು ಯುದ್ಧ ಅಲ್ಲ, ಲೇಆಫ್. ನಮ್ಮ ಕಸುಬಿನವರಿಗೆ ಚೆನ್ನಾಗಿ ಅರ್ಥ ಆಗೋ ಪದ. 1893ರಲ್ಲಿ ಅಲ್ಲಿ ಬ್ಯಾಂಕು, ರೈಲು ಕಂಪನಿಗಳು ಸಾಲಾಗಿ ಮುಳುಗಿದವು. ಡೆಟ್ರಾಯಿಟ್ ಊರಿನ ಮೇಯರ್ ಹೇಜನ್ ಪಿಂಗ್ರೀ 1894ರಲ್ಲಿ, ಊರಲ್ಲಿ ಬೆಲೆ ಏರಲಿ ಅಂತ ಖಾಲಿ ಬಿಟ್ಟಿರೋ ಸೈಟುಗಳನ್ನ ಕೆಲಸ ಇಲ್ಲದವರಿಗೆ ಆಲೂಗಡ್ಡೆ ಹಾಕೋಕೆ ಕೊಡಿ ಅಂತ ಮಾಲೀಕರನ್ನ ಕೇಳಿದರು. ಪೇಪರಿನವರು ಗೇಲಿ ಮಾಡಿದರು. ಪಿಂಗ್ರೀ ಬೀಜಕ್ಕೆ ದುಡ್ಡು ಸಾಲದೆ ತಮ್ಮ ಕುದುರೆಯನ್ನೇ ಹರಾಜು ಹಾಕಿದರು. ಮೊದಲ ವರ್ಷ ಸುಮಾರು 430 ಎಕರೆ, 900ಕ್ಕೂ ಹೆಚ್ಚು ಕುಟುಂಬ. ಬೇರೆ ಊರುಗಳೂ ಅನುಕರಿಸಿದವು. ಮತ್ತೆ ಒಳ್ಳೇ ಕಾಲ ಬಂತು, ಸೈಟಿಗೆ ಬೆಲೆ ಬಂತು, ಆಲೂಗಡ್ಡೆ ಹೋಯಿತು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು 'ವಿಕ್ಟರಿ ಗಾರ್ಡನ್' ಮಾಡಿದರು. 1943ರಲ್ಲಿ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಶ್ವೇತಭವನದ ಹುಲ್ಲಿನ ಮೇಲೇ ತರಕಾರಿ ಹಾಕಿಸಿದರು. ಸುಮಾರು 2 ಕೋಟಿ ಹಿತ್ತಲ ತೋಟಗಳು ಅಂತ ಆಗಿನ ಅಂದಾಜು. ಹಳೇ ಪೋಸ್ಟರುಗಳು ಎಷ್ಟು ಚೆಂದ ಅಂದ್ರೆ ಒಂದನ್ನ ಡೆಸ್ಕ್‌ಟಾಪಿಗೆ ಹಾಕಿಕೊಂಡಿದ್ದೆ. ಆಮೇಲೆ ಮ್ಯಾನ್ಝನಾರ್ ಬಗ್ಗೆ ಓದಿದೆ. ಪೋಸ್ಟರ್ ತೆಗೆದುಬಿಟ್ಟೆ.

ಕ್ಯಾಲಿಫೋರ್ನಿಯಾದ ತರಕಾರಿಯ ಬಹುದೊಡ್ಡ ಪಾಲನ್ನ ಆಗ ಬೆಳೀತಿದ್ದೋರು ಜಪಾನಿನಿಂದ ಬಂದು ನೆಲೆಸಿದ ಕುಟುಂಬಗಳು. ಅವರು ಅಮೆರಿಕದ ಪ್ರಜೆಗಳಾಗೋ ಹಾಗಿರಲಿಲ್ಲ. ಪ್ರಜೆಗಳಾಗೋಕೆ ಆಗದವರು ಜಮೀನು ಕೊಳ್ಳೋ ಹಾಗಿಲ್ಲ ಅಂತ 1913ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು, 1920ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿತು. ಹಾಗಾಗಿ ಅವರಲ್ಲಿ ಬಹಳಷ್ಟು ಜನ ಗೇಣಿದಾರರು. ಕೆಲವರು ಅಲ್ಲೇ ಹುಟ್ಟಿದ, ಅಂದ್ರೆ ಹುಟ್ಟಿನಿಂದ ಪ್ರಜೆಗಳಾದ, ಮಕ್ಕಳ ಹೆಸರಲ್ಲಿ ನೆಲ ತಗೊಂಡಿದ್ದರು. ಹೂ, ಸ್ಟ್ರಾಬೆರ್ರಿ, ಸೆಲೆರಿ, ಟೊಮೇಟೊ, ಬೀನ್ಸ್. ಬೇಗ ಕೈಗೆ ಬರೋ ಬೆಳೆಗಳು. ಅಜ್ಜಿಯ ಅತ್ತೆಯ ಕಾನೂನು ಸಮುದ್ರದಾಚೆಗೂ ಇತ್ತು.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದವರೆಲ್ಲ ಮನೆ ಬಿಡಬೇಕಾಯಿತು. ಒಟ್ಟು ಸುಮಾರು 1,20,000 ಜನ ಕ್ಯಾಂಪುಗಳಿಗೆ ಹೋದರು. ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಕೈಯಲ್ಲಿ ಹೊರಲು ಆಗೋದಷ್ಟೇ ತಗೊಂಡು ಹೋಗಬೇಕು. ವಸಂತಕಾಲ, ಗದ್ದೆಯಲ್ಲಿ ಬೆಳೆ ನಿಂತಿದೆ. ಹೊರಡೋ ದಿನದ ತನಕ ಬೆಳೆ ನೋಡಿಕೊಳ್ಳಿ, ಹಾಳು ಮಾಡಿದ್ರೆ ವಿಧ್ವಂಸಕ ಕೃತ್ಯ ಅಂತ ತಿಳೀತೀವಿ ಅನ್ನೋ ಎಚ್ಚರಿಕೆ ಬೇರೆ. ಇವರು ಹೋದ್ರೆ ಮಾರುಕಟ್ಟೆ ನಮ್ಮದಾಗುತ್ತೆ ಅಂತ ಕಾದಿದ್ದ ಬಿಳಿ ರೈತರ ಕೆಲವು ಸಂಘಗಳು ಈ ಎತ್ತಂಗಡಿಯನ್ನ ಬಹಿರಂಗವಾಗೇ ಬೇಡಿದ್ದವು.

ಒಂದು ಕ್ಯಾಂಪು ಓವೆನ್ಸ್ ಕಣಿವೆಯ ಮ್ಯಾನ್ಝನಾರ್. ಮುಳ್ಳುತಂತಿ, ಕಾವಲು ಗೋಪುರ, ಮರದ ಹಲಗೆಗೆ ಟಾರ್ ಕಾಗದ ಹೊಡೆದ ಬ್ಯಾರಕ್ಕುಗಳು, 20 ಅಡಿಗೆ 25 ಅಡಿಯ ಕೋಣೆಯಲ್ಲಿ ಎಂಟು ಜನ. ಹಲಗೆ ಸಂದಿನಿಂದ ಮರಳು ಒಳಗೆ ಬಂದು ಹಾಸಿಗೆ ಮೇಲೆ ಕೂರುತ್ತಿತ್ತು. ಒಂದು ಹಂತದಲ್ಲಿ ಅಲ್ಲಿ 10,000ಕ್ಕೂ ಹೆಚ್ಚು ಜನ ಇದ್ದರು.

ಅವರು ಏನು ಮಾಡಿದರು? ತರಕಾರಿ ಹಾಕಿದರು.

ಬ್ಯಾರಕ್ಕಿನ ಬಾಗಿಲ ಮುಂದೆ, ಬೆಂಕಿ ಹರಡದಿರಲಿ ಅಂತ ಬ್ಲಾಕುಗಳ ನಡುವೆ ಬಿಟ್ಟ ಅಗಲವಾದ ಖಾಲಿ ಪಟ್ಟಿಯಲ್ಲಿ, ತಂತಿಯ ಆಚೆಗಿನ ಹೊಲದಲ್ಲಿ. ಆ ಮಣ್ಣಿಗೆ ನೀರು ಸಿಕ್ಕರೆ ಏನು ಬೇಕಾದ್ರೂ ಬರ್ತಿತ್ತು. ಕ್ಯಾಂಪಿನ ಅಡುಗೆಮನೆಗಳಿಗೆ ಅಲ್ಲಿನದೇ ತರಕಾರಿ ಹೋಯಿತು. ಊಟದ ಮನೆ ಮುಂದೆ ಕ್ಯೂ ನಿಂತವರಿಗೆ ಕಣ್ಣಿಗೆ ತಂಪಿರಲಿ ಅಂತ ಕಲ್ಲು, ಕೊಳ ಇಟ್ಟು ಜಪಾನಿ ಉದ್ಯಾನಗಳನ್ನೂ ಕಟ್ಟಿದರು. ಬ್ಯಾರಕ್ಕಿನ ಮುಂದಿನ ಆ ತರಕಾರಿ ಪಟ್ಟಿಗಳಿಗೂ ಹೆಸರು 'ವಿಕ್ಟರಿ ಗಾರ್ಡನ್'. ಯಾರ ವಿಕ್ಟರಿ? ಪೋಸ್ಟರಿನಲ್ಲಿ ನಗುತ್ತಾ ಗುದ್ದಲಿ ಹಿಡಿದ ಹೆಂಗಸಿನ ಚಿತ್ರ ಆಮೇಲೆ ನನಗೆ ನೋಡೋಕೆ ಆಗಲಿಲ್ಲ.

ಮ್ಯಾನ್ಝನಾರ್ ಅನ್ನೋದು ಸ್ಪ್ಯಾನಿಷ್ ಪದ. ಸೇಬಿನ ತೋಟ ಅಂತ ಅರ್ಥ. ಕ್ಯಾಂಪಿಗೂ ಮೊದಲು, 1910ರಿಂದ, ಅಲ್ಲಿ ಬಿಳಿ ರೈತರ ಊರು ಇತ್ತು. ಸೇಬು, ಪೇರ್ ಹಣ್ಣಿನ ಮರಗಳನ್ನ ಅವರೇ ನೆಟ್ಟಿದ್ದರು. ಇಲ್ಲೇ ಇರ್ತೀವಿ ಅನ್ನೋ ಧೈರ್ಯದಲ್ಲಿ, ಕಾಗದಪತ್ರ ಸಮೇತ. ಆದ್ರೆ ಲಾಸ್ ಏಂಜಲೀಸ್ ನಗರಕ್ಕೆ ನೀರು ಬೇಕಿತ್ತು. 1913ರಲ್ಲಿ ಕಾಲುವೆ ಮುಗೀತು, 1920ರ ದಶಕದಲ್ಲಿ ನಗರ ನೆಲ ಮತ್ತು ನೀರಿನ ಹಕ್ಕನ್ನ ಕೊಳ್ಳುತ್ತಾ ಹೋಯಿತು, ದಶಕ ಮುಗಿಯೋ ಹೊತ್ತಿಗೆ ಊರು ಖಾಲಿ. ಅದಕ್ಕೂ ಮೊದಲು ಆ ಕಣಿವೆ ಪಾಯೂಟ್ ಅನ್ನೋ ಮೂಲನಿವಾಸಿಗಳದ್ದು. ತೊರೆ ತಿರುಗಿಸಿ ನೀರು ಕಟ್ಟಿ ಗಡ್ಡೆ ಬೆಳೀತಿದ್ದ ಆ ಜನರನ್ನ 1863ರಲ್ಲಿ ಸೈನ್ಯ ಸುಮಾರು 1,000 ಜನರ ಗುಂಪು ಮಾಡಿ ನಡೆಸಿಕೊಂಡು ದೂರದ ಕೋಟೆಗೆ ಸಾಗಿಸಿತ್ತು. ಒಂದೇ ನೆಲದಿಂದ ಎರಡು ಸಲ ಜನ ಎದ್ದು ಹೋಗಿದ್ದರು, ಮೂರನೆಯವರನ್ನ ಎಬ್ಬಿಸಿ ತಂದು ಅದೇ ನೆಲದಲ್ಲಿ ಕೂರಿಸಿದರು. ಈ ಮೂರನೆಯವರು ಬಂದು, ಎರಡನೆಯವರು ಬಿಟ್ಟುಹೋದ ಪೇರ್ ಮರಗಳನ್ನ ಸವರಿ, ನೀರು ಹಾಕಿ, ಮತ್ತೆ ಹಣ್ಣು ಬಿಡಿಸಿದರು.

ಕ್ಯಾಂಪು ಮುಚ್ಚಿದ್ದು 1945ರ ನವೆಂಬರ್ 21ರಂದು. ಹೊರಡೋರಿಗೆ ಕೊಟ್ಟಿದ್ದು 25 ಡಾಲರು ಮತ್ತೆ ಒಂದು ಟಿಕೆಟ್ಟು. ಹೆಚ್ಚಿನವರ ಹಳೇ ಗೇಣಿ ನೆಲ ಬೇರೆಯವರ ಕೈಯಲ್ಲಿತ್ತು. 1988ರಲ್ಲಿ ಅಮೆರಿಕ ಸರ್ಕಾರ ತಪ್ಪೊಪ್ಪಿಕೊಂಡು, ಆ ಹೊತ್ತಿಗೆ ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಡೋ ಕಾಯ್ದೆ ಮಾಡಿತು. ಮ್ಯಾನ್ಝನಾರ್ 1992ರಲ್ಲಿ ರಾಷ್ಟ್ರೀಯ ಸ್ಮಾರಕ ಆಯಿತು. ಮರಳಿನಡಿ ಹೂತುಹೋಗಿದ್ದ ಉದ್ಯಾನಗಳನ್ನ ಪುರಾತತ್ವದವರು ಅಗೆದು ತೆಗೆದಿದ್ದಾರೆ. ತರಕಾರಿಯ ಗುರುತು ಏನೂ ಇಲ್ಲ. ಹಳೇ ಹಣ್ಣಿನ ಮರಗಳಲ್ಲಿ ಕೆಲವು ಇನ್ನೂ ಇವೆ.

*

ಇದೆಲ್ಲ ಹಳೇ ಕಾಲದ ಮಾತು ಅನ್ಕೋಬೇಡಿ. ಲಾಸ್ ಏಂಜಲೀಸ್ ಊರಲ್ಲೇ, 1992ರ ಗಲಭೆ ಆದ ಮೇಲೆ, ಬಡ ಲ್ಯಾಟಿನೋ ಕುಟುಂಬಗಳು 14 ಎಕರೆ ಜಾಗದಲ್ಲಿ ಸೌತ್ ಸೆಂಟ್ರಲ್ ಫಾರ್ಮ್ ಅಂತ ತೋಟ ಮಾಡಿದರು. ಸುಮಾರು 350 ಕುಟುಂಬ, ಹತ್ತು ವರ್ಷಕ್ಕೂ ಹೆಚ್ಚು ಕಾಲ. ನಗರ ಆ ಜಾಗವನ್ನ 2003ರಲ್ಲಿ ಹಳೇ ಮಾಲೀಕನಿಗೆ ವಾಪಸ್ ಮಾರಿತು. 2006ರ ಜೂನ್ 13ರಂದು ಪೊಲೀಸರು ಬಂದು ಎಬ್ಬಿಸಿದರು, ಆಮೇಲೆ ಬುಲ್ಡೋಜರು. ನ್ಯೂಯಾರ್ಕಿನಲ್ಲಿ ಕಥೆ ಸ್ವಲ್ಪ ಬೇರೆ. ಪಾಳು ಸೈಟುಗಳಲ್ಲಿ ಜನ ಕಟ್ಟಿದ್ದ 114 ತೋಟಗಳನ್ನ 1999ರಲ್ಲಿ ನಗರ ಹರಾಜಿಗೆ ಇಟ್ಟಾಗ, ಎರಡು ಟ್ರಸ್ಟುಗಳು ದುಡ್ಡು ಹೊಂದಿಸಿ ಅವನ್ನ ಕೊಂಡು ಉಳಿಸಿದವು. ಉಳಿದ ತೋಟಗಳೆಲ್ಲ ಉಳಿದಿದ್ದು ಕಾಗದ ಇದ್ದಿದ್ದಕ್ಕೆ, ಚೆನ್ನಾಗಿ ಬೆಳೆದಿದ್ದಕ್ಕಲ್ಲ.

ನಮ್ಮಲ್ಲೂ ಹಿತ್ತಲಿಗೆ ಸರ್ಕಾರದ ಕರೆ ಬಂದಿತ್ತು. 1965ರ ಯುದ್ಧದ ಹೊತ್ತಿಗೆ ಅನ್ನಕ್ಕೆ ತತ್ವಾರ ಇತ್ತು. ಶಾಸ್ತ್ರಿಗಳು ಸೋಮವಾರ ರಾತ್ರಿ ಊಟ ಬಿಡಿ ಅಂದರು, ತಾವಿದ್ದ ಸರ್ಕಾರಿ ಬಂಗಲೆಯ ಹುಲ್ಲುಹಾಸನ್ನೇ ಉಳಿಸಿದರು. ಉಳಿಸಿದರು ಅಂದ್ರೆ ನೇಗಿಲು ಹೊಡೆಸಿದರು ಅಂತ, ಕನ್ನಡದಲ್ಲಿ ಈ ಪದ ಒಳ್ಳೇ ಮಜಾ ಕೊಡುತ್ತೆ. ಆದ್ರೆ ಆ ವರ್ಷ ನಮ್ಮಜ್ಜಿ ಹಿತ್ತಲಲ್ಲಿ ಕರೆ ಇಲ್ಲದೆಯೇ ಹರಿವೆ ಬೆಳೀತಿದ್ದಳು.

ನಮ್ಮ ಸಾಗರದ ಕಥೆ ನಿಮಗೂ ಗೊತ್ತು. 1951ರ ಏಪ್ರಿಲ್‌ನಲ್ಲಿ ಕಾಗೋಡಿನಲ್ಲಿ ಗೇಣಿದಾರರು ಎದ್ದುನಿಂತರು. ಗೇಣಿ ಭತ್ತ ಅಳೆಯೋ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನೋ ಜಗಳದಿಂದ ಶುರುವಾಗಿ ನೆಲ ಯಾರದ್ದು ಅನ್ನೋ ತನಕ ಹೋಯಿತು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಅನ್ನೋ ಮಾತು ಕಾನೂನಾಗೋಕೆ ಇನ್ನೂ 23 ವರ್ಷ ಹಿಡೀತು. ದೇವರಾಜ ಅರಸು ಅವರ ಕಾಲದ ತಿದ್ದುಪಡಿ ಜಾರಿಗೆ ಬಂದಿದ್ದು 1974ರ ಮಾರ್ಚ್ 1ರಂದು. ಗೇಣಿ ನೆಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ಅರ್ಜಿ ಹಾಕಿ ಭೂ ನ್ಯಾಯಮಂಡಳಿ ಮುಂದೆ ಉಳುಮೆ ತಮ್ಮದು ಅಂತ ತೋರಿಸಿದ್ರೆ ಅವರ ಹೆಸರಿಗೆ.

ಅಜ್ಜನ ಅರ್ಜಿ ಇತ್ಯರ್ಥ ಆಗೋಕೆ ವರ್ಷಗಳೇ ಹಿಡಿದವಂತೆ. ಎಷ್ಟು ಸಲ ಸಾಗರಕ್ಕೆ ನಡೆದರೋ ಲೆಕ್ಕ ಇಲ್ಲ. ಕೊನೆಗೆ ಆದೇಶ ಕೈಗೆ ಬಂದ ದಿನ ಅಜ್ಜ ಮನೆಗೆ ಬಂದು ಕಾಗದವನ್ನ ದೇವರ ಮುಂದೆ ಇಟ್ಟು, ಊಟ ಮಾಡಿ ಮಲಗಿಬಿಟ್ಟರು. ಅಜ್ಜಿ ಮಾತ್ರ ಹಿತ್ತಲಿಗೆ ಹೋಗಿ ಬಸಳೆ ಚಪ್ಪರದ ಪಕ್ಕ ಗುಂಡಿ ತೋಡಿ ಒಂದು ಹಲಸಿನ ಬೀಜ ಹುಗಿದಳು. "ಅವತ್ತು ಮಳೆಯೂ ಇರಲಿಲ್ಲ, ಹಲಸಿಗೆ ಹದವೂ ಅಲ್ಲ. ಆದ್ರೂ ಹಾಕಿದೆ" ಅಂದಳು ಫೋನಲ್ಲಿ. ಆ ಮರದ ಹಣ್ಣು ತಿಂದೇ ನಾನು ಬೆಳೆದಿದ್ದು. ಈ ಮಾತು ಕೇಳಿದ್ದು ಮಾತ್ರ ಹೋದ ಭಾನುವಾರ.

*

ಈಗ ನನ್ನ 19 ಕುಂಡಕ್ಕೆ ವಾಪಸ್ ಬರೋಣ. ವಿನ್‌ಸ್ಟಾನ್ಲಿಯ ಗುಡ್ಡ, ಮ್ಯಾನ್ಝನಾರಿನ ಪಟ್ಟಿ, ಅಜ್ಜಿಯ ಹಿತ್ತಲಿನ ಪಕ್ಕ ನನ್ನ ಟೆರೇಸು ಇಡೋಕೆ ನಾಚಿಕೆ ಆಗುತ್ತೆ. ಅವರದ್ದು ಹೊಟ್ಟೆ, ನನ್ನದು ಹವ್ಯಾಸ. ಕುಂಡ ಹೋದ್ರೆ ನಾನು ಟೊಮೇಟೊ ಅಂಗಡಿಯಿಂದ ತರ್ತೀನಿ, ಅಷ್ಟೇ. ಅದು ನನಗೆ ಗೊತ್ತು.

ಆದ್ರೂ ಒಂದು ಮಾತು. ಮನೆಯಲ್ಲಿ ತರಕಾರಿ ಬೆಳೆಯೋದರ ಬಗ್ಗೆ ಓದಿದಾಗೆಲ್ಲ ಮಣ್ಣಿನ ಹದ, ಗೊಬ್ಬರ, ಬೇವಿನೆಣ್ಣೆ, ಬಿಸಿಲು ಎಷ್ಟು ಗಂಟೆ ಅಂತಲೇ ಇರುತ್ತೆ. ಆ ನೆಲದ ಮೇಲೆ ನಾಳೆ ನೀವು ಇರ್ತೀರಾ ಅನ್ನೋ ಪ್ರಶ್ನೆ ಇರೋದೇ ಇಲ್ಲ. ಸರ್ಕಾರಗಳಿಗೂ ಅಷ್ಟೇ. ಕಷ್ಟ ಬಂದಾಗ ಅಗೆಯಿರಿ ಅಂತಾವೆ, ಕಷ್ಟ ಮುಗಿದಾಗ ಏಳಿ ಅಂತಾವೆ. ಜನ ಎರಡಕ್ಕೂ ಒಗ್ಗಿಕೊಂಡು ಮೂರು ತಿಂಗಳ ಬೀಜವನ್ನ ಜೇಬಲ್ಲಿಟ್ಟುಕೊಂಡೇ ಬದುಕಿದ್ದಾರೆ. ಅಜ್ಜಿಯ ಅತ್ತೆ ಹೇಳಿದ್ದರಲ್ಲಿ ಭಯ ಇತ್ತು ಅಂತ ಮೊದಲು ಅನ್ನಿಸಿತ್ತು. ಈಗ ಅದು ಬರೀ ಲೆಕ್ಕಾಚಾರ ಅನ್ನಿಸುತ್ತೆ, ಮತ್ತೆ ಲೆಕ್ಕ ತಪ್ಪೇನೂ ಇರಲಿಲ್ಲ. ಮ್ಯಾನ್ಝನಾರಿನ ಸೇಬಿನ ರೈತರ ಹತ್ತಿರ ಕಾಗದವೂ ಇತ್ತು, ಮರವೂ ಇತ್ತು. ನೀರೇ ಹೋಯಿತು.

ಓನರ್ ಹತ್ತಿರ ನಿನ್ನೆ ಮಾತಾಡಿದೆ. ಟೊಮೇಟೊ ಇನ್ನೂ ಹಸಿರಿದೆ, ಹಣ್ಣಾಗೋ ತನಕ ಬಿಡಿ ಅಂತ ಕೇಳಿದೆ. ಇನ್ನೂ ಮೂರು ವಾರ ಕೊಟ್ಟಿದ್ದಾರೆ. ಕೆಳಗೆ ಸಂಪಿನ ಪಕ್ಕ ನಾಲ್ಕು ಕುಂಡ ಇಟ್ಟುಕೊಳ್ಳಿ, ಬಸಳೆಯದ್ದು ಮಾತ್ರ ಒಂದು ನಮಗೂ ಇರಲಿ ಅಂದರು. ಒಳ್ಳೇ ಮನುಷ್ಯ. ಬಾಡಿಗೆದಾರ ಅಂದ ಮೇಲೆ ಒಡೆಯರು ಒಳ್ಳೆಯವರಾಗಿರಲಿ ಅಂತ ಬೇಡಿಕೊಳ್ಳೋದೇ ಅಲ್ವಾ ನಮ್ಮ ಕೆಲಸ.

ಇನ್ನು ಹತ್ತೊಂಬತ್ತನೇ ಕುಂಡ. ಹೋದ ವರ್ಷ ಊರಿಂದ ಬರುವಾಗ ಬ್ಯಾಗಲ್ಲಿ ಬಂದಿದ್ದ ಹಲಸಿನ ಬೀಜ ಒಂದನ್ನ ಸುಮ್ಮನೆ ಪೇಂಟ್ ಬಕೆಟ್ಟಿಗೆ ಹಾಕಿದ್ದೆ. ಈಗ ಮೊಣಕಾಲೆತ್ತರ ಬೆಳೆದಿದೆ. ಬಕೆಟ್ಟಿನಲ್ಲಿ ಹಲಸು ಎಷ್ಟು ದಿನ ಇರೋಕಾಗುತ್ತೆ? ಅಜ್ಜಿಗೆ ಹೇಳಿದ್ರೆ "ವಾಪಸ್ ತಗೊಂಡು ಬಾ, ಇಲ್ಲಿ ಜಾಗ ಇದೆ" ಅಂದಳು. ಮುಂದಿನ ತಿಂಗಳು ಹೋಗ್ತೀನಿ. ಬಸ್ಸಿನವನು ಲಗೇಜು ಚಾರ್ಜು ಹಾಕದಿದ್ರೆ ಸಾಕು.

ಉಳಿದಿದ್ದು 14 ಕುಂಡ. ಬದನೆ ಹೂವು ಬಿಟ್ಟಿದೆ, ಮೆಣಸಿನ ಗಿಡದಲ್ಲಿ ಕಾಯಿ ಇದೆ. ಬೆಂಗಳೂರಲ್ಲಿ ಸ್ವಂತ ಟೆರೇಸೋ, ಹಿತ್ತಲೋ ಇರೋ ಪುಣ್ಯವಂತರು ಯಾರಾದ್ರೂ ಇದ್ರೆ ಹೇಳಿ. ಮಣ್ಣಿನ ಸಮೇತ ನಾನೇ ಆಟೋದಲ್ಲಿ ತಂದು ಇಳಿಸ್ತೀನಿ.